ನನ್ನ ಸೊಸೆಯ ಶುಭೇಚ್ಛುಕರು

ನನ್ನ ಸೊಸೆ ಶೀತಲ ಕುರಿಗಳ ವಂಶವಾಹಿಯ ಬಗ್ಗೆ ಸಂಶೋಧನೆ ಮಾಡುತ್ತಾಳೆ ಎಂದು ಸೋಲಾಪುರದ ನಮ್ಮ ಓಣಿಯಲ್ಲಿ ಹೇಳಿ ನೋಡಿ. "ಹೌದೇನ್ರಿ? ನಮ್ಮ ಆಡು ನಿನ್ನಿಯಿಂದ ಮೇವು ಮುಟ್ಟವಲ್ದು, ಒಂದೀಟು ಕಳಸ್ತೀರೇನು ಅಕೀನ್ನ?" ಎಂದು ಕೇಳುತ್ತಾರೆ. ಮೊದಮೊದಲು ನಾನು ತಿಳಿಸಿ ಹೇಳುತ್ತಿದ್ದೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಆಯುಷ್ಯ ಕಳೆದ ಮಾಸ್ತರಬಾಯಿ ನಾನು; ಎದುರಿಗಿದ್ದವರಿಗೆ ಬೇಕಿರಲಿ ಬೇಡವಿರಲಿ ತಿಳಿಸಿ ಹೇಳುವುದು ನನ್ನ ಚಟ. ಈಗ ಆ ಪ್ರಶ್ನೆಗೆ ಮಾತ್ರ ಸೋತಿದ್ದೇನೆ. "ಕಳಸ್ತೀನಿ" ಎಂದು ಹೇಳಿ ಮುಂದೆ ಹೋಗಿಬಿಡುತ್ತೇನೆ.

ನನ್ನ ಯಜಮಾನರದು ಚಾದರು ಮತ್ತು ಟಾವೆಲ್ಲಿನ ವ್ಯಾಪಾರ, ಅಂಗಡಿ ನವೀ ಪೇಠದಲ್ಲಿ. ಮಗ ಯೋಗಿರಾಜ ಮಾಲಿನ ಬೆನ್ನು ಹತ್ತಿ ತಿಂಗಳಲ್ಲಿ ಮುಕ್ಕಾಲು ಪಾಲು ಪರವೂರಲ್ಲೇ ಇರುತ್ತಾನೆ. ಹೀಗಾಗಿ ಮನೆಯಲ್ಲಿ ಉಳಿಯುವವರು ನಾವು ಮೂವರು, ಮತ್ತೆ ಫ್ರಿಜ್ಜಿನಲ್ಲಿ ಬೀರಣ್ಣನ ಕುರಿಗಳ ರಕ್ತ.

ಹೌದು, ರಕ್ತವೇ. ಶೀತಲ ಕೆಲಸ ಮಾಡುವ ಕಾಲೇಜಿನಲ್ಲಿ ಅವಳ ಸಂಶೋಧನೆಗೆ ಅಂತ ಕೊಟ್ಟದ್ದು ಒಂದು ಮೂಲೆ. ಆ ಮೂಲೆಯ ಫ್ರಿಜ್ಜು ಕೆಟ್ಟಾಗಲೆಲ್ಲ ಸಣ್ಣ ಸಣ್ಣ ನಳಿಗೆಗಳು ನಮ್ಮ ಅಡುಗೆಮನೆಗೆ ಬಂದು ಹಾಲಿನ ಪಾತೇಲಿಯ ಪಕ್ಕ ನಿಲ್ಲುತ್ತವೆ. ನಮ್ಮದು ಶುದ್ಧ ಶಾಕಾಹಾರಿ ಲಿಂಗಾಯತ ಮನೆ. ನಾನು ಮೊದಲ ಸಲ ನೋಡಿದಾಗ ಕೂಗಿಕೊಂಡೆ. ಎರಡನೇ ಸಲ ಮೈಮೇಲೆ ನೀರು ಸುರಿದುಕೊಂಡೆ. ಮೂರನೇ ಸಲ ಹಾಲನ್ನು ಕೆಳಗಿನ ಅಂಕಣಕ್ಕೆ ಇಳಿಸಿದೆ. ಸೊಸೆಯನ್ನು ಗದರಿಸಬೇಕೆಂದರೂ ಆಗುವುದಿಲ್ಲ. ಅವಳು ನಳಿಗೆ ಇಡುವಾಗಲೂ ಎಷ್ಟು ಜೋಪಾನ ಮಾಡುತ್ತಾಳೆಂದರೆ ಹಸುಗೂಸು ಮಲಗಿಸಿದಂತಿರುತ್ತದೆ.

ಅವಳ ಕೆಲಸ ಇಷ್ಟೇ. ನಮ್ಮ ಸೀಮೆಯ ಕರಿಕುರಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಅಕ್ಕಲಕೋಟೆಯ ಆಚೆ ಬೀರಣ್ಣ ಎಂಬ ಹಾಲುಮತದ ಕುರಿಗಾರನ ಹಿಂಡಿನಲ್ಲಿ ಎಷ್ಟೋ ಕುರಿಗಳು ಜೋಡಿ ಮರಿ ಹಾಕುತ್ತವೆ. ಇದು ಮೇವಿನ ಪುಣ್ಯವಲ್ಲ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ರಕ್ತದಲ್ಲೇ ಇಳಿದು ಬರುವ ಗುಣ ಎಂದು ಶೀತಲ ತೋರಿಸಿ ಹೊರದೇಶದ ಒಂದು ಪತ್ರಿಕೆಯಲ್ಲಿ ಲೇಖನ ಬರೆದಳು. ಆಮೇಲೆ ಅದರ ಬೆನ್ನಿಗೆ ಇನ್ನೂ ಕೆಲವು ಲೇಖನ ಬಂದವು. ಯಾವುದನ್ನೂ ನಾನು ಓದಿಲ್ಲ, ಇಂಗ್ಲಿಷಿನಲ್ಲಿವೆ. ಹೆಸರು ಮಾತ್ರ ಬೆರಳಿಟ್ಟು ನೋಡಿದ್ದೇನೆ.

ಹೋದ ವರ್ಷ ಅಕ್ಕಲಕೋಟೆಯ ಹತ್ತಿರ ಹೊಸದೊಂದು ಕುರಿತಳಿ ಸಂಶೋಧನಾ ಕೇಂದ್ರ ಮಂಜೂರಾಯಿತು. ಅದಕ್ಕೊಬ್ಬ ಮುಖ್ಯಸ್ಥರು ಬೇಕಾಗಿದ್ದರು. ಶೀತಲ ಅರ್ಜಿ ಹಾಕಿದಳು. ಕಾಲೇಜಿನವರು ಇನ್ನು ಮುಂದೆ ಆ ಮೂಲೆಯೂ ಸಿಗಲಾರದು, ಪಾಠ ಮಾಡಿಕೊಂಡಿರಿ ಎಂದು ಆಗಲೇ ಹೇಳಿಬಿಟ್ಟಿದ್ದರು. ಈ ಜಾಗ ಸಿಗದಿದ್ದರೆ ಬೀರಣ್ಣನ ಹಿಂಡಿನ ಕೆಲಸ ಅಲ್ಲಿಗೇ ನಿಂತುಹೋಗುತ್ತಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಚಪಾತಿ ಲಟ್ಟಿಸುತ್ತ ಲಟ್ಟಣಿಗೆ ಹಿಡಿದು ನಿಂತುಬಿಡುತ್ತಿದ್ದಳು, ಹಂಚಿನ ಮೇಲಿನದು ಕರಕಾಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ ಯಜಮಾನರು ಕೇಳಿದರು.

"ಅಲ್ಲ ತಾಯಿ, ನಿಮ್ಮ ಲೈನಿನಾಗ ದೊಡ್ಡವರು ಯಾರು, ಸಣ್ಣವರು ಯಾರು ಅಂತ ಹೆಂಗ ಗೊತ್ತಾಗ್ತದ? ನಮ್ಮಲ್ಲಿ ಗಿರಾಕಿ ನೋಡಿ ಹೇಳಬಹುದು."

"ನಮ್ಮಲ್ಲಿ ಬ್ಯಾರೆದವರು ತಮ್ಮ ಲೇಖನದಾಗ ನಮ್ಮ ಹೆಸರು ತಗೋಬೇಕ್ರಿ ಮಾವಾರ. ಇಂಥಾಕಿ ಹಿಂಗ ಬರದಾಳ ಅಂತ. ಎಷ್ಟು ಮಂದಿ ತಗೋತಾರ, ಅಷ್ಟು ನಮ್ಮ ಕೆಲಸಕ್ಕ ವಜನ ಅಂತ ಲೆಕ್ಕ."

"ನಿನ್ನ ಹೆಸರು ಯಾರರೆ ತಗೊಂಡಾರೇನು?"

"ತಗೊಂಡಾರ್ರಿ. ತುರ್ಕಸ್ತಾನದವರು, ಚೀನಾದವರು, ಬ್ರಾಝಿಲ್ಲಿನವರು, ನಮ್ಮ ದೇಶದವರೂ ಅದಾರ."

ಯಜಮಾನರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬ್ರಾಝಿಲ್ಲಿನಲ್ಲಿ ಕುಳಿತ ಯಾರೋ ಒಬ್ಬರು ತಮ್ಮ ಸೊಸೆಯ ಹೆಸರು ತೆಗೆದುಕೊಂಡಿದ್ದಾರೆ, ನವೀ ಪೇಠದಲ್ಲಿ ಒಬ್ಬನಿಗೂ ಗೊತ್ತಿಲ್ಲ! "ಇದು ಬರಾಬರಿ ಅಲ್ಲ ಬಿಡು" ಎಂದರು. ಅವರು ಹಾಗೆಂದರೆ ತಲೆಯಲ್ಲಿ ಏನೋ ಹೂಡುತ್ತಿದ್ದಾರೆ ಎಂದೇ ಅರ್ಥ. ನಾನು ಅದೆಷ್ಟು ವರ್ಷಗಳಿಂದ ಅವರ ಜೊತೆ ಸಂಸಾರ ಮಾಡುತ್ತಿದ್ದೇನೆ, ಅಷ್ಟು ತಿಳಿಯಬೇಕಿತ್ತು. ಅವತ್ತು ಹೋಳಿಗೆ ಮಾಡಿದ್ದೆ, ಗಮನ ಹೋಳಿಗೆಯ ಮೇಲಿತ್ತು.

ನಮ್ಮ ಕಡೆ ಫ್ಲೆಕ್ಸ್ ಹಾಕುವ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸೋಲಾಪುರ ಜಿಲ್ಲೆಯಲ್ಲಿ ಒಬ್ಬ ಹುಡುಗ ಹತ್ತನೇ ಇಯತ್ತೆ ಪಾಸಾದರೆ ಫ್ಲೆಕ್ಸ್, ಪಾರ್ಟಿಯಲ್ಲಿ ಯಾರಿಗೋ ಪದವಿ ಸಿಕ್ಕರೆ ಫ್ಲೆಕ್ಸ್, ಎತ್ತಿನ ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಹಾಕಿದವರಿದ್ದಾರೆ. ಮೇಲೆ ದೇವರು, ನಡುವೆ ಸತ್ಕಾರಮೂರ್ತಿ, ಕೆಳಗೆ ಸಾಲಾಗಿ ದುಂಡು ದುಂಡು ಫೋಟೋಗಳಲ್ಲಿ ಶುಭೇಚ್ಛುಕರು. ನಿಜವಾದ ಜೀವ ಇರುವುದು ಆ ಕೆಳಗಿನ ಸಾಲಿನಲ್ಲಿ. ಯಾರ ಫೋಟೋ ದೊಡ್ಡದು, ಯಾರದು ಸಣ್ಣದು ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಮುಂದಿನ ವಾರ ಆಯ್ಕೆ ಸಮಿತಿಯ ತಜ್ಞರೊಬ್ಬರು ಪುಣೆಯಿಂದ ಬಂದು ಬೀರಣ್ಣನ ಹಿಂಡು ನೋಡುತ್ತಾರೆ, ಅವರ ವರದಿಯ ಮೇಲೆಯೇ ಎಲ್ಲ ನಿರ್ಧಾರ ಎಂದು ಶೀತಲಳಿಗೆ ಫೋನು ಬಂತು. ಬರುವವರು ಡಾಕ್ಟರ್ ಶಾಂತಲಿಂಗಪ್ಪ. ಹೆಸರು ಕೇಳಿ ಅವಳ ಮುಖ ಬಾಡಿತು. ಏನೆಂದು ಕೇಳಿದರೆ "ಏನಿಲ್ಲ ಅತ್ತ್ಯಾರ, ದೊಡ್ಡ ಮನುಷ್ಯಾ ಅದಾರ" ಎಂದಷ್ಟೇ ಹೇಳಿದಳು.

ಆ ದಿನ ಮುಂಜಾನೆ ಯಜಮಾನರೇ ಗಾಡಿ ಹೊರಗೆ ತೆಗೆದು, "ಇವತ್ತ ನಾ ಬಿಟ್ಟು ಬರ್ತೀನಿ, ಲೀಲಾ ನೀನೂ ಬಾ" ಎಂದರು. ಅಂಗಡಿ ಬಿಟ್ಟು ಬರುವ ಮನುಷ್ಯನಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಮೀಸೆಯ ಕೆಳಗೆ ಅಡಗಿಸಿದರೂ ಅಡಗದ ನಗೆ. ಅಕ್ಕಲಕೋಟೆ ರಸ್ತೆ ಹಿಡಿದು ವಳಸಂಗ ಬರುವತನಕ ಹಾಡು ಗುನುಗುತ್ತ ಬಂದರು. ವಳಸಂಗದ ಸ್ಟ್ಯಾಂಡಿನ ಹತ್ತಿರ ಗಾಡಿ ನಿಧಾನ ಮಾಡಿ, "ಎಡಕ್ಕ ನೋಡ್ರಿ" ಎಂದರು.

ಎಡಕ್ಕೆ ನೋಡಿದೆವು. ಚಹಾದಂಗಡಿಯ ಮೇಲೆ ಒಂದು ಮನೆಯಷ್ಟು ಎತ್ತರದ ಫ್ಲೆಕ್ಸ್. ಮೇಲೆ ಸಿದ್ಧರಾಮೇಶ್ವರ, ಸ್ವಾಮಿ ಸಮರ್ಥ, ಬೀರೋಬಾ. ನಡುವೆ ನನ್ನ ಸೊಸೆ, ಮದುವೆಯ ದಿನದ ಫೋಟೋ, ಮೂಗಿನಲ್ಲಿ ನತ್ತು, ಕಂಕುಳಲ್ಲಿ ಎಲ್ಲಿಂದಲೋ ತಂದು ಅಂಟಿಸಿದ ಎರಡು ಕುರಿಮರಿ. "ಜಗತ್ತು ಗಾಜಿಸಿದ ನಮ್ಮ ಮನೆಯ ಲಕ್ಷ್ಮೀ ಡಾ. ಶೀತಲತಾಯಿ ಇವರಿಗೆ ಹಾರ್ದಿಕ ಹಾರ್ದಿಕ ಶುಭೇಚ್ಛೆ" ಎಂದು ಮರಾಠಿ ಬೆರೆತ ಕನ್ನಡದಲ್ಲಿತ್ತು; ಗಾಜಿಸಿದ ಎಂದರೆ ಹೆಸರು ಮೊಳಗಿಸಿದ. ಕನ್ನಡದಲ್ಲಿ ಹಾಕಿಸಿದ್ದು ನನ್ನನ್ನು ಮೆಚ್ಚಿಸುವುದಕ್ಕೆ. ಕೆಳಗೆ ಶುಭೇಚ್ಛುಕರ ಸಾಲು: ಶ್ರೀಮಾನ್ ಯಿಲ್ಮಾಝ್ ಸಾಹೇಬರು, ತುರ್ಕಸ್ತಾನ. ಶ್ರೀಮಾನ್ ಲಿಯುಶೇಠ, ಚೀನಾ. ಸೌ. ಫರ್ನಾಂಡಾತಾಯಿ, ಬ್ರಾಝಿಲ್. ಹೀಗೆ ಎಡಬದಿಯಿಂದ ಬಲಬದಿಯವರೆಗೆ ಪರದೇಶದವರೆಲ್ಲ ವಳಸಂಗದ ಸ್ಟ್ಯಾಂಡಿಗೆ ಮುಖ ಮಾಡಿ ನಗುತ್ತಿದ್ದರು. ಎಲ್ಲರಿಗಿಂತ ದೊಡ್ಡ ಫೋಟೋ ನಟ್ಟನಡುವೆ ಇತ್ತು. ಕರಿ ಕೋಟು ತೊಟ್ಟು, ಎರಡೂ ಕೈ ಮುಗಿದು ನಿಂತ ಹಿರಿಯರು. ಕೆಳಗೆ ಹೆಸರು: ಡಾ. ಶಾಂತಲಿಂಗಪ್ಪ, ಪುಣೆ.

"ಹೆಂಗದ?" ಎಂದರು ಯಜಮಾನರು.

ಶೀತಲ ಗಾಡಿಯಿಂದ ಇಳಿದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಮಾವಾರ, ಇವರ ಹೆಸರು ಎಲ್ಲಿಂದ ತಂದ್ರಿ?"

"ಫ್ಲೆಕ್ಸ್ ಅಂಗಡಿ ಸಪ್ನಾಬಾಯಿ ಕಂಪ್ಯೂಟರದಾಗ ನಿನ್ನ ಹೆಸರು ಹಾಕಿದ್ಲು, ಎಲ್ಲಾ ಪಟಪಟ ಬಂದ್ವು. ನಾವಿಬ್ರೂ ಕುಂತು ಎಣಿಸೀವಿ. ಉಳದವರೆಲ್ಲ ನಿನ್ನ ಹೆಸರು ಒಂದೋ ಎರಡೋ ಸಲ ತಗೊಂಡಾರ. ಈ ಮನುಷ್ಯಾ ಒಬ್ಬಾಂವ ಪಾನಾ ಪಾನಾಕ್ಕ, ಪುಟಾ ಪುಟಾಕ್ಕ ತಗೊಂಡಾನ! ಏಳು ಸಲ! ಅದಕ್ಕ ಫೋಟೋ ದೊಡ್ಡದು ಮಾಡಿಸೀನಿ. ಋಣಾ ಇಟ್ಕೋಬಾರ್ದು."

"ಅವರು ನನ್ನ ಹೆಸರು ಏಳು ಸಲ ತಗೊಂಡದ್ದು ನಾ ತಪ್ಪು ಅಂತ ಹೇಳಾಕ್ರಿ ಮಾವಾರ."

ಯಜಮಾನರು ಫ್ಲೆಕ್ಸ್ ನೋಡಿದರು, ಸೊಸೆಯನ್ನು ನೋಡಿದರು. ಶೀತಲ ಮೆಲ್ಲಗೆ ಬಿಡಿಸಿ ಹೇಳಿದಳು. ಈ ಶಾಂತಲಿಂಗಪ್ಪನವರು ಮಂಗಳವೇಢೆಯ ಕಡೆಯ ಕರಿಕುರಿಗಳ ರಕ್ತ ನೋಡಿದ್ದರು. ಶೀತಲ ಹೇಳಿದ ಗುಣ ಒಂದರಲ್ಲೂ ಸಿಗಲಿಲ್ಲ. ಜೋಡಿ ಮರಿಯ ಮಾತು ಬೀರಣ್ಣನ ಹಿಂಡಿನ ಯಾವುದೋ ಆಕಸ್ಮಿಕ, ಇಡೀ ತಳಿಗೆ ಅದನ್ನು ಹಚ್ಚುವುದು ಅವಸರ ಎಂದು ಬರೆದಿದ್ದರು. ಕುರಿ ಸಂಶೋಧನೆಯಲ್ಲಿ ಅವರ ಮಾತೆಂದರೆ ಎಲ್ಲರೂ ತಲೆ ಬಾಗಿಸುತ್ತಾರಂತೆ.

"ಮತ್ತ ಇವತ್ತ ಹಿಂಡು ನೋಡಾಕ ಬರೋ ತಜ್ಞರು..." ನಾನು ಕೇಳಿದೆ.

"ಇವರ."

ಯಜಮಾನರು ಚಹಾದಂಗಡಿಯವನಿಂದ ನಿಚ್ಚಣಿಕೆ ಇಸಿದುಕೊಂಡು, ಟೊಪ್ಪಿಗೆ ನನ್ನ ಕೈಗೆ ಕೊಟ್ಟು, ಎಪ್ಪತ್ತರ ಹತ್ತಿರ ಬಂದ ಮನುಷ್ಯ ಸರಸರ ಹತ್ತಿದರು. ತಂತಿ ಬಿಚ್ಚುವುದಕ್ಕೆ ಕೈ ಹಾಕಿದ್ದರು, ಅಷ್ಟರಲ್ಲಿ ಸೋಲಾಪುರದ ಕಡೆಯಿಂದ ಬಂದ ಬಿಳಿ ಗಾಡಿಯೊಂದು ನಿಂತಿತು. ತೆಳ್ಳಗೆ ಎತ್ತರದ ಹಿರಿಯರೊಬ್ಬರು ಇಳಿದು "ಒಂದು ಚಹಾ ಕೊಡಪ್ಪ, ಸಕ್ರಿ ಕಡಿಮಿ" ಎಂದು ಹೇಳಿ, ಸುಮ್ಮನೆ ಕತ್ತು ಎತ್ತಿದರು. ಮೇಲೆ ಅವರೇ ಕೈ ಮುಗಿದು ನಿಂತಿದ್ದರು.

ಅವರು ಬಹಳ ಹೊತ್ತು ನೋಡಿದರು. ಚಹಾ ಬಂತು. ಕೈಯಲ್ಲಿ ಹಿಡಿದುಕೊಂಡು ಮತ್ತೆ ನೋಡಿದರು.

"ನಾ ಜನ್ಮದಾಗ ಕೋಟು ಹಾಕಿದವನಲ್ಲ" ಎಂದರು ಕೊನೆಗೆ. "ಯಾರದಿದು ಕೆಲಸ?"

ನಿಚ್ಚಣಿಕೆಯ ಮೇಲಿದ್ದ ಯಜಮಾನರು ತಂತಿಯ ಗಂಟನ್ನೇ ನೋಡುತ್ತ ನಿಂತರು. ಗಿರಾಕಿಯನ್ನು ಬಾಗಿಲಲ್ಲೇ ಮಾತಿನಿಂದ ಕಟ್ಟಿಹಾಕುವ ಮನುಷ್ಯ! ಆಗ ಶೀತಲ ಎದ್ದು ನಿಂತಳು. ಮಾವನಿಗೆ ತಿಳಿಯಲಿಲ್ಲ, ಹಳೇ ಕಾಲದವರು, ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಂದುಬಿಟ್ಟಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಹಾಗೇ ಅನ್ನುತ್ತಿದ್ದೆನೇನೋ.

"ನಾ ಶೀತಲ ಸರ್. ಇವರು ನಮ್ಮ ಮಾವಾರು. ನಮ್ಮಲ್ಲಿ ಹೆಸರು ತಗೊಂಡ್ರ ಏನು ಅರ್ಥ ಅಂತ ಇವರಿಗೆ ಹೇಳಿಕೊಟ್ಟಾಕಿ ನಾನು. ಅರ್ಧಾ ಹೇಳಿದೆ. ಬೈಯ್ಯಾಕೂ ಹೆಸರು ತಗೋತಾರ ಅನ್ನೂದು ಹೇಳಲಿಲ್ಲ. ತಪ್ಪು ನಂದು."

ನನ್ನ ಕಣ್ಣಲ್ಲಿ ನೀರು ಬಂತು. ಮೇಲೆ ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡರು.

ಶಾಂತಲಿಂಗಪ್ಪನವರ ಸಿಟ್ಟು ಮಾತ್ರ ಇಳಿಯಲಿಲ್ಲ. ಆದರೆ ಅವರ ಸಿಟ್ಟಿಗೆ ಕಾರಣವಿತ್ತು. "ತಪ್ಪು ಯಾರದರೆ ಇರ್ಲಿ, ಈಗ ನಾ ಏನು ಮಾಡ್ಲಿ ಹೇಳ್ರಿ. ನಿಮ್ಮ ಕೆಲಸ ಚಲೋ ಇಲ್ಲ ಅಂತ ಬರದ್ರ ಸಿಟ್ಟಿಗೆದ್ದು ಬರದಾನ ಅಂತಾರ. ಚಲೋ ಅದ ಅಂತ ಬರದ್ರ, ಇವ ಮೊದಲ ಅಕೀ ಶುಭೇಚ್ಛುಕ, ಫೋಟೋ ಹಾಕ್ಯಾರ ನೋಡು ಅಂತಾರ. ಉಳಿದ ಉಮೇದವಾರರು ಸುಮ್ಮ ಕುಂದರ್ತಾರೇನು? ನಾ ತಿರುಗಿ ಹೋಗೂದ ಬರಾಬರಿ."

ತಿರುಗಿ ಹೋದರೆ ವರದಿ ಇಲ್ಲ, ವರದಿ ಇಲ್ಲದಿದ್ದರೆ ಕೇಂದ್ರವಿಲ್ಲ. "ತೆಗೀತೀನ್ರೀ ಸಾಹೇಬ್ರ, ಈಗ ತೆಗೀತೀನಿ" ಎಂದು ಯಜಮಾನರು ಮೇಲಿಂದ ಕೂಗಿದರು.

"ತೆಗದು ಏನು ಮಾಡ್ತೀರಿ? ಮುಂಜಾನೆನ ನಮ್ಮ ವಾಟ್ಸಾಪ್ ಗ್ರೂಪಿನಾಗ ಬಂದದ" ಎಂದ ಚಹಾದಂಗಡಿಯವನು, ಬೇಡದ ಸಹಾಯ ಮಾಡುತ್ತ. ಮೊಬೈಲು ತೆಗೆದು ತೋರಿಸಿಯೂ ತೋರಿಸಿದ.

ಶೀತಲ ಮತ್ತೊಮ್ಮೆ ಫ್ಲೆಕ್ಸಿನ ಕಡೆ ನೋಡಿದಳು. ಆಮೇಲೆ, "ಸರ್, ನಮ್ಮ ಪತ್ರಿಕೆಯೊಳಗ ತಪ್ಪು ಅಚ್ಚಾದ್ರ ಏನು ಮಾಡ್ತೀವಿ? ಹರದು ಒಗಿಯೂದಿಲ್ಲ. ತಿದ್ದುಪಡಿ ಹಾಕ್ತೀವಿ. ಎಲ್ಲಿ ತಪ್ಪು ಹಾಕಿದ್ದೆವೋ ಅಲ್ಲೇ, ಎಲ್ಲರಿಗೂ ಕಾಣೂಹಂಗ. ಇದಕ್ಕೂ ಹಂಗ ಮಾಡೂಣು" ಎಂದಳು.

"ಅಂದ್ರ?"

"ನೀವು ಶುಭೇಚ್ಛುಕರಲ್ಲ. ವಿರೋಧಕರು. ಹಂಗಂತ ಬರಿಯೂಣು."

"ಏನಂದಿ?" ಯಜಮಾನರು ನಿಚ್ಚಣಿಕೆಯ ಮೇಲಿಂದ ಬೀಳುವುದೊಂದು ಉಳಿದಿತ್ತು. "ಫ್ಲೆಕ್ಸ್ ಮ್ಯಾಲೆ ವಿರೋಧಕರು ಅಂತ ಫೋಟೋ ಯಾರರೆ ಹಾಕ್ಯಾರೇನು? ಇಡೀ ಜಿಲ್ಹಾ ನಗ್ತದ!"

"ನಗ್ಲಿ" ಎಂದರು ಶಾಂತಲಿಂಗಪ್ಪನವರು. ಅವರ ಮೀಸೆ ಮೊದಲ ಸಲ ಅಲುಗಿತು. "ಅದು ಖರೆ ಮಾತು. ಬರೀರಿ."

ಬರೆಯುವವರು ಯಾರು? ಕನ್ನಡ ಅಕ್ಷರ ದುಂಡಗೆ ಬರೆಯುವವರು ಅಲ್ಲಿ ನಾನೊಬ್ಬಳೇ. ಚಹಾದಂಗಡಿಯವನ ಹತ್ತಿರ ಬಾಗಿಲಿಗೆ ಹಚ್ಚಿ ಉಳಿದ ಕೆಂಪು ಬಣ್ಣ ಇತ್ತು. ಯಜಮಾನರು ಇಳಿದರು, ನಾನು ಸೆರಗು ಸಿಕ್ಕಿಸಿ ಹತ್ತಿದೆ. ಕೆಳಗೆ ಎಸ್.ಟಿ. ಬಸ್ಸಿಗೆ ನಿಂತ ಮಂದಿಯೆಲ್ಲ ಬಸ್ಸು ಮರೆತು ನೋಡುತ್ತಿದ್ದರು. ನನ್ನ ಹಳೇ ವಿದ್ಯಾರ್ಥಿ ಒಬ್ಬ "ಬಾಯಾರ, ಸಾವಕಾಶ!" ಎಂದು ಕೂಗಿದ. ಕೋಟಿನ ಕೆಳಗೆ, ಹೆಸರಿನ ಮುಂದೆ, "ತಿದ್ದುಪಡಿ: ಇವರು ಶುಭೇಚ್ಛುಕರಲ್ಲ, ವಿರೋಧಕರು" ಎಂದು ಬರೆದೆ. ಹತ್ತಿದ್ದಕ್ಕೆ ಮೇಲಿದ್ದ ಎರಡು ಕಾಗುಣಿತದ ತಪ್ಪನ್ನೂ ತಿದ್ದಿಯೇ ಇಳಿದೆ.

"ಮುಗಿದ ಕೈ ಏನು ಮಾಡೂಣ್ರಿ?" ಯಜಮಾನರು ಸಣ್ಣ ದನಿಯಲ್ಲಿ ಕೇಳಿದರು.

"ಇರ್ಲಿ" ಎಂದರು ಅವರು. "ವಿರೋಧಕನಿಗೂ ಕೈ ಮುಗಿಯಾಕ ಬರ್ತದ." ಮೊಬೈಲು ತೆಗೆದು ಫ್ಲೆಕ್ಸಿನ ಫೋಟೋ ತೆಗೆದುಕೊಂಡರು, ವರದಿಗೆ ಲಗತ್ತಿಸುವುದಕ್ಕೆ. ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದು, "ನಡೀರಿ, ಹಿಂಡು ತೋರಸ್ರಿ" ಎಂದರು.

ಬೀರಣ್ಣನ ದಡ್ಡಿ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ಅಂಗಳ, ಅಕ್ಕಲಕೋಟೆ ದಾಟಿ ಜೋಳದ ಹೊಲಗಳ ನಡುವೆ ಇದೆ. ಬೀರಣ್ಣ ಹಣೆತುಂಬ ಅರಿಶಿನದ ಭಂಡಾರ ಹಚ್ಚಿಕೊಂಡು ಕಾಯುತ್ತಿದ್ದ. ಅವನ ಹೆಂಡತಿ ಗುರುಬಾಯಿ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಳು. ಕಾಲಸಂದಿಯಲ್ಲಿ ಎಲ್ಲಿ ನೋಡಿದರಲ್ಲಿ ಜೋಡಿ ಮರಿಗಳು ಕುಣಿಯುತ್ತಿದ್ದವು. ಒಂದು ಮರಿ ಬಂದು ಯಜಮಾನರ ಇಸ್ತ್ರಿ ಅಂಗಿಯ ತುದಿ ಚೀಪತೊಡಗಿತು. ಅವರು ಬಿಡಿಸಿಕೊಳ್ಳುವ ಉಮೇದಿನಲ್ಲೂ ಇರಲಿಲ್ಲ.

ಶಾಂತಲಿಂಗಪ್ಪನವರು ಕಂಬಳಿಯ ಮೇಲೆ ಕುಳಿತುಕೊಳ್ಳಲೇ ಇಲ್ಲ. ನಿಂತೇ ವಾದಕ್ಕೆ ಇಳಿದರು. ಅವರೊಂದು ಹೇಳಿದರೆ ಶೀತಲ ಇನ್ನೊಂದು ಹೇಳುವಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಇಂಗ್ಲಿಷಿನಲ್ಲಿ ಸಭ್ಯವಾಗಿರುತ್ತಿತ್ತು, ಕನ್ನಡಕ್ಕೆ ಬಂದ ಕೂಡಲೇ ದನಿ ಏರುತ್ತಿತ್ತು. "ಸರ್, ಅದು ಹಂಗಲ್ಲ!" "ಹಂಗಲ್ಲ ಅಂದ್ರ ಹೆಂಗ?" ಗುರುಬಾಯಿ ನನ್ನ ಕಿವಿಯಲ್ಲಿ, "ಅಕ್ಕಾರ, ಜಗಳಾ ಬಿಡಸೂಣೇನು?" ಎಂದು ಕೇಳಿದಳು. ಬೇಡ ಎಂದೆ. ನನ್ನ ಸೊಸೆಯ ಮುಖ ಅಷ್ಟು ಬೆಳಗಿದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

"ಸರ್, ಒಂದ ಪ್ರಶ್ನಾ" ಎಂದಳು ಶೀತಲ. "ನೀವು ಮಂಗಳವೇಢೆ ಕುರಿ ರಕ್ತ ಎಲ್ಲಿ ತಗೊಂಡ್ರಿ?"

"ಬಾಜಾರದಾಗ. ಸುತ್ತಿನ ಎಲ್ಲಾ ಹಳ್ಳಿ ಕುರಿ ಅಲ್ಲಿ ಬರ್ತಾವ. ಎಲ್ಲಾ ನಮೂನಿ ಒಂದ ಜಾಗಾದಾಗ ಸಿಗ್ತಾವ."

"ನಿಮ್ಮ ಲೇಖನ ಓದಿದ ಮ್ಯಾಲೆ ನಾ ಆ ಬಾಜಾರಕ್ಕ ಹೋಗಿದ್ದೆ. ಜೋಡಿ ಮರಿ ಹಾಕೋ ಕುರಿ ಒಂದು ಕೊಳ್ಳೂಣಂತ. ಇಡೀ ದಿನಾ ತಿರುಗಿದೆ. ಒಂದೂ ಸಿಗಲಿಲ್ಲ. ತುಂಬಿದ ಬಾಜಾರ, ಅಂಥಾದೊಂದು ಯಾಕ ಇಲ್ಲ ಅಂತ ಮನಿಗೆ ಬಂದು ತಲಿ ಕೆಡಿಸ್ಕೊಂಡೆ. ಸರ್, ಅಂಥಾ ಕುರಿ ಕೈಯಾಗಿದ್ದಾಂವ ಮಾರ್ತಾನೇನು? ಬಾಜಾರಕ್ಕ ಬರೂವು ಒಂಟಿ ಹಾಕೋವು, ಬರಡು, ವಯಸ್ಸಾದವು. ಜೋಡಿ ಹಾಕೋವು ದಡ್ಡಿ ಬಿಟ್ಟು ಹೊರಗ ಬರೂದ ಇಲ್ಲ. ನೀವು ನೂರು ಬಾಜಾರ ತಿರುಗಿದ್ರೂ ಆ ಗುಣಾ ನಿಮಗ ಸಿಗತಿದ್ದಿಲ್ಲ."

"ಗಂಡು ಮರಿ? ಟಗರ ಮಾರ್ತಾರಲ್ಲ? ಟಗರಿನ ರಕ್ತದಾಗೂ ಅದು ಇರಬೇಕಲ್ಲ?" ಅವರೂ ಸುಲಭಕ್ಕೆ ಬಿಡುವವರಾಗಿರಲಿಲ್ಲ.

"ಜೋಡಿಯೊಳಗ ಹುಟ್ಟಿದ ಟಗರ ಇವರು ಬೀರೋಬಾಗ ಬಿಡ್ತಾರ. ದೇವರ ಟಗರ ಮಾರಾಂಗಿಲ್ಲ, ಕೊಯ್ಯಾಂಗಿಲ್ಲ. ಅದು ಹಿಂಡಿನಾಗ ತಿರಗ್ತದ, ಗುಣಾನೂ ಹಿಂಡಿನಾಗ ಉಳೀತದ. ಮಂಗಳವೇಢೆ ಕಡೇನೂ ಹಿಂಗ ಅದ ಅಂತ ಬೀರಣ್ಣನ ಬೀಗರು ಹೇಳ್ತಾರ. ನಾ ಅಲ್ಲಿ ದಡ್ಡಿ ನೋಡಿಲ್ಲ, ರೊಕ್ಕಾ ಇರಲಿಲ್ಲ, ರಜಾ ಇರಲಿಲ್ಲ. ನೀವು ನೋಡಬಹುದು."

"ಹೌದ್ರೀ ಯಪ್ಪಾ" ಎಂದ ಬೀರಣ್ಣ. "ನಮ್ಮ ಬೀಗರೂ ಹಂಗ ಮಾಡ್ತಾರ."

ಶಾಂತಲಿಂಗಪ್ಪನವರು ಬೇಲಿಯ ಹತ್ತಿರ ಹೋಗಿ ನಿಂತರು. ಜೋಡಿ ಮರಿಗಳನ್ನು ಒಂದೊಂದಾಗಿ ನೋಡಿ ಇತ್ತ ತಿರುಗಿದರು. ಆಗ ಅವರು ತಜ್ಞರ ಹಾಗೆ ಕಾಣಲಿಲ್ಲ, ಪರೀಕ್ಷೆಯ ಹಾಳೆ ಕೈಗೆ ಬಂದ ಹುಡುಗನ ಹಾಗೆ ಕಂಡರು.

"ನೀ ಹೇಳೂದು ಖರೆ ಆದ್ರ, ನನ್ನ ಒಂದ ಲೇಖನ ಅಲ್ಲ, ಮೂರು ಲೇಖನ ಹೋಗ್ತಾವ. ಮೂರಕ್ಕೂ ಬಾಜಾರದ ಕುರೀನ."

ನನಗೆ ಒಳಗೊಳಗೇ ಹೆದರಿಕೆ. ಹುದ್ದೆ ಅವರ ಕೈಯಲ್ಲಿದೆ. ಹಾಗೇನಿಲ್ಲ ಸರ್, ನಿಮ್ಮದೂ ಸರಿ, ನನ್ನದೂ ಸರಿ ಎಂದು ಒಂದು ಮಾತು ಸವರಿ ಹೇಳಿಬಿಡಲಿ ಎಂದು ನಾನು ಬೀರೋಬಾನಿಗೇ ಕೈ ಮುಗಿದೆ.

"ಹೌದ್ರಿ ಸರ್" ಎಂದಳು ಶೀತಲ. "ಹೋಗ್ತಾವ."

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿದರು. "ಗುರುಬಾಯಿ, ಒಂದು ಕುರಿ ಹಿಡಿವಾ. ಜೋಡಿ ಹಾಕಿದ್ದು. ರಕ್ತ ನಾನ ತಗೋತೀನಿ. ಇಲ್ಲಿಂದ ನೆಟ್ಟಗ ಮಂಗಳವೇಢೆಗೆ ಹೋಗಿ ಅಲ್ಲಿ ದಡ್ಡಿಯೊಳಗಿಂದೂ ತಗೋತೀನಿ. ಅಲ್ಲೀತನಕ ನಾ ವಿರೋಧಕನ."

ಬೀರಣ್ಣ ತನ್ನ ಬೀಗರಿಗೆ ಫೋನು ಹಚ್ಚಿ, ದೊಡ್ಡವರು ಬರುತ್ತಾರೆ, ದೇವರ ಟಗರನ್ನೂ ಮುಟ್ಟಗೊಡಿರಿ ಎಂದು ಹೇಳಿದ. ಹೋಗುವಾಗ ಅವರ ಗಾಡಿಯಲ್ಲಿ ಗುರುಬಾಯಿ ಒಂದು ಗಂಟು ಸಜ್ಜಿರೊಟ್ಟಿ ಇಟ್ಟಳು.

ಆಮೇಲಿನ ದಿನಗಳು ನಮ್ಮ ಮನೆಯಲ್ಲಿ ಹೇಗೆ ಹೋದವೆಂದರೆ, ಯಜಮಾನರು ಸೊಸೆಯ ಎದುರು ಬರುವುದಕ್ಕೇ ಹಿಂಜರಿಯುತ್ತಿದ್ದರು. ಊಟಕ್ಕೆ ಕರೆದರೆ "ಹಸಿವಿಲ್ಲ" ಎನ್ನುವರು. ಜಿಲ್ಲೆ ನಗುವುದು ನಕ್ಕಿತ್ತು, ತಿದ್ದುಪಡಿಯ ಫ್ಲೆಕ್ಸ್ ಊರೂರಿಗೆ ಮೊಬೈಲಿನಲ್ಲಿ ಹೋಗಿತ್ತು. ಒಂದು ದಿನ ಶೀತಲಳೇ ಅವರ ಪಕ್ಕ ಹೋಗಿ ಕುಳಿತು, ತಟ್ಟೆಯನ್ನು ಅವರ ಮುಂದೆ ಸರಿಸಿ, "ಮಾವಾರ, ಆ ಬ್ರಾಝಿಲ್ಲಿನ ಫರ್ನಾಂಡಾಬಾಯಿಗೆ ಫ್ಲೆಕ್ಸ್ ಫೋಟೋ ಕಳಸಿ ಅರ್ಥಾ ಹೇಳಿದ್ದೆ, ಅಕೀ ಮೇಲ್ ಕಳಸ್ಯಾಳ. ತನ್ನ ಸ್ವಂತ ಊರಾಗೂ ತನಗ ಯಾರೂ ಇಷ್ಟು ಮಾನಾ ಕೊಟ್ಟಿಲ್ಲಂತ. ನೀವು ಸೌ. ಅಂತ ಬರಸೀರಿ, ಮದುವಿ ಮಾತ್ರ ಆಗಿಲ್ಲಂತ" ಎಂದಳು. ಯಜಮಾನರು ನಕ್ಕರು. ನಕ್ಕು ಎರಡು ರೊಟ್ಟಿ ಹೆಚ್ಚೇ ಉಂಡರು.

ದೀಪಾವಳಿಯ ಫರಾಳದ ತಿಂಡಿ ಮಾಡುತ್ತಿದ್ದೆವು. ಶೀತಲಳ ಎರಡೂ ಕೈ ಕರ್ಜಿಕಾಯಿಯ ಹಿಟ್ಟಿನಲ್ಲಿದ್ದವು, ಅವಳ ಫೋನು ಗುಂಯ್‌ಗುಟ್ಟಿತು. ನಾನೇ ಎತ್ತಿದೆ.

"ನಾ ಶಾಂತಲಿಂಗಪ್ಪ. ಯಾರು, ಬಾಯಾರೇನು? ಹೇಳ್ರಿ ನಿಮ್ಮ ಸೊಸಿಗೆ. ಮಂಗಳವೇಢೆ ದಡ್ಡಿಯೊಳಗ ಆ ಗುಣಾ ಅದ. ದೇವರ ಟಗರಿನಾಗೂ ಅದ. ತಪ್ಪು ನಂದು. ವರದಿಯೊಳಗ ಹಂಗ ಬರದು ಕೊಟ್ಟೀನಿ, ಪತ್ರಿಕೆಗೂ ತಿದ್ದುಪಡಿ ಕಳಸೀನಿ. ಸಮಿತಿ ಕೂತಿತ್ತು, ಕೇಂದ್ರ ಅಕೀಗೆ ಕೊಟ್ಟಾರ."

ನನಗೆ ಕುಣಿಯಬೇಕೆನಿಸಿತು. ಆದರೂ ಮಾಸ್ತರಬಾಯಿಯ ನಾಲಿಗೆ, ಕೇಳದೆ ಇರಲಾಗಲಿಲ್ಲ. "ಮತ್ತ ನಿಮ್ಮ ಆ ಮೂರು ಲೇಖನ?"

"ಹೋದುವ್ರಿ" ಎಂದು ಅವರು ನಕ್ಕರು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಬಾಯಾರ, ಆ ಲೇಖನಗಳಿಂದ ಜಗತ್ತಿನ ಮಂದಿ ಎಲ್ಲಾ ನನ್ನ ಹೆಸರು ತಗೊಂಡಾರ. ಕುರಿ ಎಲ್ಲಿಂದ ತಂದಿ ಅಂತ ಒಬ್ರೂ ಕೇಳಲಿಲ್ಲ. ಹೆಸರು ತಗೊಂಡವರು ಭಾಳ. ಕುಂತು ಓದಿದಾಕಿ ನಿಮ್ಮ ಸೊಸಿ ಒಬ್ಬಾಕಿ."

ನಾನು ಫೋನನ್ನು ಶೀತಲಳ ಕಿವಿಗೆ ಹಿಡಿದೆ. ಅವಳು ಕೇಳಿದಳು, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು, ಮುಖವೆಲ್ಲ ಬಿಳಿಯಾಯಿತು. ಹುದ್ದೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಸರ್, ಮೂರನೇ ಲೇಖನ ಪೂರ್ತಿ ಹೋಗಿಲ್ರಿ. ಅದರಾಗ ಒಂಟಿ ಮರಿ ಹಾಕೋ ಕುರಿ ಭಾಗ ಗಟ್ಟಿ ಅದ, ಬಾಜಾರಕ್ಕ ಬರೂವೆಲ್ಲ ಅಂಥಾವ ಅಂತನ ಅದು ಗಟ್ಟಿ ಅದ. ನೀವ ಅದನ್ನ ಸಣ್ಣ ಮಾಡಿ ಬರದ್ರಿ. ನಾ ತೋರಸ್ತೀನಿ, ಬರ್ರಿ."

ಆ ಕಡೆಯಿಂದ ಹಾಳೆ ಮಗುಚುವ ಸದ್ದು ಬಂತು. ಆಮೇಲೆ "ಯಾವ ಪಾನಾ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು.